ಆಚೆ ಇಟ್ಟು ಚಾರ್ಜ್ ಮಾಡಿ

ನನ್ನ ಗಂಡ ನನಗಿಟ್ಟಿರುವ ಹೆಸರು ಪುಕ್ಕಲಿ. ಅಂಗಡಿಗೆ ಬೀಗ ಹಾಕಿದ ಮೇಲೂ ಮತ್ತೆ ತೆಗೆಸಿ, ಚಾರ್ಜಿಗಿಟ್ಟಿದ್ದ ಬ್ಯಾಟರಿ ಪ್ಯಾಕುಗಳನ್ನೆಲ್ಲ ಕಳಚಿದ್ದೇನೋ ಇಲ್ಲವೋ ಎಂದು ನೋಡಿ ಬರುವುದು ನನ್ನ ಅಭ್ಯಾಸ. ಅವನು ಬೈಕಿನ ಮೇಲೆ ಕೂತು, "ಇನ್ನೊಂದ್ಸಲ ಹೋಗಿ ಮುಟ್ಬುಟ್ಟು ಬಾ, ಇಲ್ದಿದ್ರೆ ಉಂಡಿದ್ದು ಅರಗಕ್ಕಿಲ್ಲ ನಿಂಗೆ" ಎಂದು ಛೇಡಿಸುತ್ತಾನೆ. ನನಗೆ ಕೋಪ ಬರುತ್ತದೆ, ಆದರೂ ಹೋಗಿ ಮುಟ್ಟಿಯೇ ಬರುತ್ತೇನೆ.

ಪಾಂಡವಪುರದಲ್ಲಿ ನಮ್ಮದೊಂದು ಸಣ್ಣ ಅಂಗಡಿ. ಮುಂದಿನ ಅರ್ಧದಲ್ಲಿ ಅವನು ಮೊಬೈಲಿನ ಕವರು, ಇಯರ್‌ಫೋನು ಮಾರುತ್ತಾನೆ. ಹಿಂದಿನ ಅರ್ಧ ನನ್ನದು. ಹವ್ಯಾಸಕ್ಕೆಂದು ಪುಟ್ಟ ವಿಮಾನ ಹಾರಿಸುವವರ ಟ್ರಾನ್ಸ್‌ಮಿಟರುಗಳನ್ನು ಅಲ್ಲಿ ರಿಪೇರಿ ಮಾಡುತ್ತೇನೆ. ಟ್ರಾನ್ಸ್‌ಮಿಟರು ಎಂದರೆ ಅವರು ಎದೆಯ ಮುಂದೆ ಹಿಡಿದು ನಿಲ್ಲುವ ಡಬ್ಬ. ಅದರಲ್ಲಿ ಎರಡು ಕಡ್ಡಿಗಳಿರುತ್ತವೆ, ಕಡ್ಡಿ ಆಡಿಸಿದ ಹಾಗೆ ಮೇಲಿನ ವಿಮಾನ ಆಡುತ್ತದೆ. ಶ್ರೀರಂಗಪಟ್ಟಣದ ಸುತ್ತ ಗದ್ದೆ ಕೊಯ್ಲಾದ ಮೇಲೆ ಹಾರಿಸುವ ಒಂದು ಗುಂಪಿದೆ, ನಾಗಮಂಗಲದ ಕಡೆಯಿಂದಲೂ ಕೆಲವರು ಬರುತ್ತಾರೆ. ಮೊದಮೊದಲು ಬಂದವರೆಲ್ಲ ರಿಪೇರಿಯ ವಿಷಯ ನನ್ನ ಗಂಡನ ಹತ್ತಿರವೇ ಮಾತಾಡುತ್ತಿದ್ದರು. ಅವನು ಹೆಬ್ಬೆರಳಿನಲ್ಲಿ ಹಿಂದಕ್ಕೆ ತೋರಿಸುತ್ತಿದ್ದ.

ಒಂದು ಬೇಸಿಗೆಯಲ್ಲಿ ಶೀಳನೆರೆ ಕಡೆಯ ಹಳ್ಳಿಯಿಂದ ಮೇಷ್ಟ್ರೊಬ್ಬರು ಬಂದರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು, ಥರ್ಮೋಕೋಲಿನಲ್ಲಿ ತಾವೇ ವಿಮಾನ ಕೊರೆದು ಊರಿನ ಒಣ ಕೆರೆಯಂಗಳದಲ್ಲಿ ಹಾರಿಸುವವರು. ಅವರ ಟ್ರಾನ್ಸ್‌ಮಿಟರು ಹಳೆಯ ಕಾಲದ್ದು, ಮೇಲೆ ಹಿಡಿದುಕೊಳ್ಳಲು ಲೋಹದ ಹಿಡಿಕೆಯಿತ್ತು. ಅದರೊಳಗಿನ ನಿಕ್ಕಲ್ ಬ್ಯಾಟರಿ ಸತ್ತುಹೋಗಿತ್ತು. ಹೊಸ ಟ್ರಾನ್ಸ್‌ಮಿಟರು ತೆಗೆದುಕೊಳ್ಳಿ ಎಂದು ನಾನು ಹೇಳಿದ್ದಕ್ಕೆ ಅವರು ತಲೆ ಅಲ್ಲಾಡಿಸಿದರು.

"ಕಣ್ಣು ಮಂಜಾಗೈತೆ ಕಣಮ್ಮ. ಈ ಡಬ್ಬ ಆದ್ರೆ ಬೆರಳಿಗೇ ಎಲ್ಲಾ ಗೊತ್ತು. ಹೊಸದು ತಗೊಂಡ್ರೆ ಬೆರಳಿಗೆ ಮತ್ತೆ ಅ ಆ ಇ ಈ ತಿದ್ದಿಸ್ಬೇಕು."

ಒಳ್ಳೆಯ ನಿಕ್ಕಲ್ ಪ್ಯಾಕು ಈಗ ಸುಲಭಕ್ಕೆ ಸಿಗುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ಬ್ಯಾಟರಿ ಅಂಗಡಿ ಇಟ್ಟಿರುವ ಭಾಯಿಯೊಬ್ಬರು ನನಗೆ ಸಾಮಾನು ಒದಗಿಸುತ್ತಾರೆ. ಅವರಿಂದ ಮೂರು ಸೆಲ್ಲಿನ ಲಿಥಿಯಂ ಪ್ಯಾಕು ತರಿಸಿ ಕೂರಿಸಿದೆ. ಇಲ್ಲಿಂದಲೇ ನನ್ನ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ. ಯಾಕೆಂದರೆ ನಿಕ್ಕಲ್ಲಿನ ಗುಣವೇ ಬೇರೆ, ಲಿಥಿಯಮ್ಮಿನ ಗುಣವೇ ಬೇರೆ. ಹಳೆಯ ಟ್ರಾನ್ಸ್‌ಮಿಟರುಗಳ ಜೊತೆ ಗೋಡೆಗೆ ಚುಚ್ಚುವ ಒಂದು ಚಾರ್ಜರು ಬರುತ್ತಿತ್ತು, ಅದರ ಪಿನ್ನನ್ನು ಡಬ್ಬದ ಪಕ್ಕದ ತೂತಿಗೆ ಸಿಕ್ಕಿಸಬೇಕು. ಅದು ಸಣ್ಣಗೆ ಕರೆಂಟು ಬಿಡುತ್ತಲೇ ಇರುತ್ತದೆ, ಬ್ಯಾಟರಿ ತುಂಬಿತೆಂದು ನಿಲ್ಲಿಸುವುದು ಅದಕ್ಕೆ ಗೊತ್ತಿಲ್ಲ. ನಿಕ್ಕಲ್ ಪ್ಯಾಕು ಹೆಚ್ಚಾದದ್ದನ್ನು ಒಂದಿಷ್ಟು ಬೆಚ್ಚಗಾಗಿ ತಡೆದುಕೊಳ್ಳುತ್ತದೆ. ಲಿಥಿಯಂ ತಡೆದುಕೊಳ್ಳುವುದಿಲ್ಲ. ತುಂಬಿದ ಮೇಲೂ ತುಂಬುತ್ತಾ ಹೋದರೆ ಉಬ್ಬುತ್ತದೆ, ಉಬ್ಬಿ ಹೊಗೆ ಬಿಡುತ್ತದೆ, ಆಮೇಲೆ ಹತ್ತಿ ಉರಿಯುತ್ತದೆ. ಆದ್ದರಿಂದ ಅದನ್ನು ಡಬ್ಬದಿಂದ ಹೊರಗೆ ತೆಗೆಯಬೇಕು. ಒಂದೊಂದು ಸೆಲ್ಲನ್ನೂ ಅಳೆದು ತುಂಬುವ ಬೇರೆ ಚಾರ್ಜರಿಗೆ ಹಾಕಬೇಕು. ಹಂಚಿನ ಮೇಲೋ ಕಲ್ಲಿನ ಮೇಲೋ ಇಡಬೇಕು. ಮುಗಿಯುವ ತನಕ ಕಣ್ಣಳತೆಯಲ್ಲೇ ಇರಬೇಕು.

ಲಿಥಿಯಂ ಕೂರಿಸಿದಾಗಲೆಲ್ಲ ನಾನು ಆ ಪಕ್ಕದ ತೂತಿನ ವೈರನ್ನು ಒಳಗೇ ಕತ್ತರಿಸಿಬಿಡುತ್ತೇನೆ. ಮೇಷ್ಟ್ರು ಕತ್ತರಿಸಲು ಬಿಡಲಿಲ್ಲ. ಮುಂದೆ ಎಂದಾದರೂ ನಿಕ್ಕಲ್ ಪ್ಯಾಕು ಸಿಕ್ಕರೆ ಬೇಕಾಗುತ್ತದೆ, ಡಬ್ಬ ಇದ್ದ ಹಾಗೇ ಇರಲಿ ಎಂದರು. ನಾನು ತೂತಿನ ಮೇಲೆ ಟೇಪು ಅಂಟಿಸಿದೆ. ಹೊಸ ಚಾರ್ಜರನ್ನು ಪೆಟ್ಟಿಗೆ ಸಮೇತ ಕೈಗೆ ಕೊಟ್ಟೆ. ಆಮೇಲೆ, ಯಾವತ್ತೂ ಹೇಳುವ ಹಾಗೆ ಹೇಳಿದೆ.

"ಮೇಷ್ಟ್ರೇ, ಬ್ಯಾಟ್ರಿ ಒಳಗಿಟ್ಟು ಚಾರ್ಜ್ ಮಾಡ್ಲೇಬೇಡಿ. ಆಚೆ ಇಟ್ಟು ಚಾರ್ಜ್ ಮಾಡಿ."

"ಒಳ್ಗೆ ಬ್ಯಾಡ, ಆಚೆ" ಎಂದು ಅವರು ಪಾಠ ಒಪ್ಪಿಸುವ ಹಾಗೆ ಹೇಳಿದರು. ನನಗೆ ಸಮಾಧಾನವಾಯಿತು.

ಅದಾಗಿ ಕೆಲವು ದಿನಗಳ ಮೇಲೆ, ಮೋಡ ಕವಿದ ಒಂದು ಮಧ್ಯಾಹ್ನ, ಮೇಷ್ಟ್ರ ಫೋನು ಬಂತು. ಹಿಂದೆ ಓಲಗದ ಸದ್ದು. ನಾಗಮಂಗಲದಲ್ಲಿ ನೆಂಟರ ಮದುವೆಯಲ್ಲಿದ್ದರು.

"ಏನಿಲ್ಲ ಕಣಮ್ಮ, ಒಂದು ಡೌಟು. ನೀವು ಏಳ್ದಂಗೆ ಆಚೆ ಜಗ್ಲಿ ಮೇಲಿಟ್ಟು ಚಾರ್ಜಿಗಾಕಿವ್ನಿ. ನೆನ್ನೆ ಬೆಳಿಗ್ಗೆ ಆಕಿದ್ದು, ಇವತ್ತು ಮದ್ವೆಗೆ ಒರ್ಡೋವಾಗ್ಲೂ ಕೆಂಪು ಲೈಟೇ ಉರೀತಿತ್ತು. ಫುಲ್ಲಾದ್ರೆ ಅದೇ ಹಸ್ರಾಯ್ತದಾ?"

ಹೊಸ ಚಾರ್ಜರಾಗಿದ್ದರೆ ಯಾವಾಗಲೋ ಹಸಿರಾಗಿರಬೇಕಿತ್ತು. "ಯಾವ ಚಾರ್ಜರು ಮೇಷ್ಟ್ರೇ?"

"ಹಳೇದೇ. ಪಕ್ಕದ ತೂತಿಗೆ ಚುಚ್ಚೋದು. ನೀವು ಕೊಟ್ಟಿದ್ದು ವಿಮಾನದೊಳಗಿನ ಬ್ಯಾಟ್ರಿಗಲ್ವಾ? ಜ್ವಾಪಾನವಾಗಿ ಎತ್ತಿಟ್ಟಿವ್ನಿ."

"ತೂತಿಗೆ ಟೇಪ್ ಇತ್ತಲ್ಲ?"

"ಅದು ಪ್ಯಾಕಿಂಗ್ ಅಂತ ಕಿತ್ತಾಕ್ದೆ."

ಕೂತ ಸ್ಟೂಲಿನಿಂದ ನಾನು ಎದ್ದು ನಿಂತದ್ದು ನನಗೇ ಗೊತ್ತಾಗಲಿಲ್ಲ. ನಾನು ಆಚೆ ಎಂದದ್ದು ಬ್ಯಾಟರಿಯನ್ನು ಡಬ್ಬದಿಂದ ಆಚೆ ಎಂದು. ಅವರು ಕೇಳಿಸಿಕೊಂಡದ್ದು ಮನೆಯಿಂದ ಆಚೆ ಎಂದು. ನಮ್ಮ ಕಡೆ ಮನೆಯ ಹೊಸಿಲಿನ ಹೊರಗಿನದಕ್ಕೆಲ್ಲ ಆಚೆ ಎಂದೇ ಅನ್ನುವುದು. ಅವರ ತಪ್ಪು ಏನೂ ಇರಲಿಲ್ಲ. ಡಬ್ಬವನ್ನು ಇಡಿಯಾಗಿ ಜಗಲಿಗೆ ತಂದು, ಲಿಥಿಯಂ ಪ್ಯಾಕನ್ನು ಹೊಟ್ಟೆಯೊಳಗೇ ಇಟ್ಟು, ನಿಲ್ಲಿಸಲು ಬಾರದ ಚಾರ್ಜರಿಗೆ ಸಿಕ್ಕಿಸಿ, ನಾನು ಹೇಳಿದಂತೆಯೇ ನಡೆದುಕೊಂಡಿದ್ದರು.

"ಮನೇಲಿ ಯಾರವ್ರೆ?"

"ಅವ್ವ ಒಬ್ಳೇ ಅವ್ಳೆ. ಬೀದಿಯೋರೆಲ್ಲ ಇಲ್ಲೇ ಮದ್ವೇಲವ್ರೆ. ಯಾಕಮ್ಮ?"

ಯಾಕೆಂದು ಹೇಳಿದೆ. ಓಲಗದ ಸದ್ದು ದೂರವಾಯಿತು, ಅವರು ಚಪ್ಪರದಿಂದ ಹೊರಗೆ ನಡೆಯುತ್ತಿದ್ದರೆಂದು ಕಾಣುತ್ತದೆ. ಯಾರದಾದರೂ ಬೈಕು ಹಿಡಿದು ಈಗಲೇ ಹೊರಡುತ್ತೇನೆ ಎಂದರು. ಮನೆಯ ಫೋನಿನ ನಂಬರು ಕೊಟ್ಟರು. ನಾನು ಅವರ ತಾಯಿಗೆ ಫೋನು ಮಾಡಿದೆ. ಬಹಳ ಹೊತ್ತು ಬಡಿದುಕೊಂಡ ಮೇಲೆ ಅಜ್ಜಿ ಎತ್ತಿದರು. ಕಿವಿ ಮಂದ, ನಾನು ಕಿರುಚಿಯೇ ಮಾತಾಡಬೇಕಾಯಿತು.

"ಅವ್ವ, ನಾನು ಪಾಂಡವಪುರದ ರಿಪೇರಿ ಅಂಗಡಿಯೋಳು. ಮೇಷ್ಟ್ರು ಬ್ಯಾಟ್ರಿ ಚಾರ್ಜಿಗೆ ಹಾಕವ್ರಲ್ಲ, ಅದು ಎಲ್ಲೈತೆ?"

"ಬ್ಯಾಟ್ರಿಯಾ? ಗೂಡಲ್ಲೈತೆ ಕಣವ್ವ. ಶೆಲ್ಲು ಮೊನ್ನೆ ತಾನೆ ಆಕವ್ನೆ."

ನಮ್ಮ ಅಜ್ಜಿಯಂದಿರಿಗೆ ಬ್ಯಾಟರಿ ಎಂದರೆ ಟಾರ್ಚು. ಅದು ನನಗೆ ಗೊತ್ತಿಲ್ಲದ್ದೇನಲ್ಲ, ಗಾಬರಿಯಲ್ಲಿ ಮರೆತೆ. "ಅದಲ್ಲ ಅವ್ವ, ಎರಡು ಕಡ್ಡಿ ಇರೋ ಡಬ್ಬ. ವಿಮಾನ ಆಡಿಸೋದು."

"ಓ, ಆ ರೇಡಿಯಾನಾ? ಆಚೆ ಜಗ್ಲಿ ಮ್ಯಾಲಿತ್ತು. ಗಾಳಿ ಮಳೆ ಬಂತಲ್ಲ, ನೆನ್ದೋಯ್ತದೆ ಅಂತ ನಾನೇ ಒಳೀಕೆ ತಂದಿಕ್ದೆ. ಅಟ್ಟದ ಕೆಳ್ಗೆ ಪ್ಲಗ್ಗೈತಲ್ಲ, ಅಲ್ಲೇ ಚುಚ್ಚಿವ್ನಿ. ಕರೆಂಟೋಗೈತೆ. ಬಂದ್ರೆ ಚಾರ್ಜಾಗ್ಲಿ ಅಂತ ಬುಟ್ಟಿವ್ನಿ."

"ಅಟ್ಟದಲ್ಲಿ ಏನೈತೆ ಅವ್ವ?"

"ಕೊಬ್ರಿಗಾಕಿರೋ ಕಾಯಿ."

ತಿಂಗಳುಗಟ್ಟಲೆ ಒಣಗಿದ ತೆಂಗಿನಕಾಯಿ, ನಾರು ಸಮೇತ, ಅಟ್ಟದ ತುಂಬ. ಅದರ ಕೆಳಗೆ ಡಬ್ಬ. ಮನೆಯಲ್ಲಿ ಕಿವಿ ಕೇಳದ ಅಜ್ಜಿ ಒಬ್ಬರೇ. ಕರೆಂಟು ಇಲ್ಲದ್ದರಿಂದ ಮಾತ್ರ ಸದ್ಯ ಎಲ್ಲ ನಿಂತಿದೆ.

ಡಬ್ಬ ಬಿಸಿ ಇತ್ತೇ ಎಂದು ಕೇಳಿದೆ. "ಒಸಿ ಬೆಚ್ಚಗಿತ್ತು. ಹಿಂದ್ಗಡೆ ಮುಚ್ಚಳ ಬಾಯ್ ಬುಟ್ಕೊಂಡೈತೆ" ಎಂದರು. ಅಂದರೆ ಪ್ಯಾಕು ಆಗಲೇ ಉಬ್ಬಿ ಮುಚ್ಚಳವನ್ನು ಒತ್ತುತ್ತಿತ್ತು. ಸ್ವಿಚ್ಚು ಆರಿಸಲು ಹೇಳೋಣವೆಂದರೆ, ಕರೆಂಟಿಲ್ಲದಾಗ ಯಾವುದು ಆನು ಯಾವುದು ಆಫು ಎಂದು ಅವರಿಗೆ ತಿಳಿಯದು, ಉಲ್ಟಾ ಒತ್ತಿಬಿಟ್ಟರೆ ಎಂಬ ಹೆದರಿಕೆ. ಗೋಡೆಯ ಪ್ಲಗ್ಗು ಕೀಳಲು ಹೇಳಿದರೆ ಆ ಡಬ್ಬದ ಮೇಲೆಯೇ ಬಾಗಬೇಕು, ಪಕ್ಕದ ಪಿನ್ನು ಕೀಳಲು ಹೇಳಿದರೆ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಎಳೆಯುತ್ತಾರೆ. ಉಬ್ಬಿದ ಪ್ಯಾಕನ್ನು ಎಳೆದಾಡಿಸುವುದಕ್ಕಿಂತ ಮನೆ ಹೋದರೂ ಸರಿ ಎಂದು ನಿರ್ಧರಿಸಿದೆ. ಹಾಗೆ ನಿರ್ಧರಿಸಲು ನಾನ್ಯಾರು ಎಂದೂ ಅನ್ನಿಸಿತು.

"ಅವ್ವ, ಅದ ಮುಟ್ಬೇಡಿ. ನೀವು ಆಚೆ ಹೋಗಿ ಕೂತ್ಕೊಳಿ" ಎಂದವಳು ನಾಲಿಗೆ ಕಚ್ಚಿಕೊಂಡೆ. "ಆಚೆ ಅಂದ್ರೆ ನಿಮ್ಮ ಜಗ್ಲಿ ಅಲ್ಲ. ಎದುರು ಮನೆ ಜಗ್ಲಿ. ನಾನು ಬರೋಗಂಟ ಅಲ್ಲಿಂದ ಏಳ್ಬೇಡಿ."

"ಯಾಕವ್ವ, ಹಾವ್ಗೀವು ಸೇರ್ಕೊಂಡೈತಾ?"

"ಊಂ ಅವ್ವ, ಹಾವು" ಎಂದೆ. ಅದಾದರೆ ಅವರಿಗೆ ಅರ್ಥವಾಗುತ್ತದೆ.

ಸ್ಕೂಟರು ತೆಗೆದೆ. ಗಂಡ ಕೌಂಟರಿನಿಂದಲೇ, "ಇನ್ನೊಬ್ರ ಮನೆ ಪ್ಲಗ್ ಕೀಳಕ್ಕೆ ಅಷ್ಟು ದೂರ ಹೋಗ್ತೀಯಾ?" ಎಂದ. ಊರು ದಾಟಿ ಕೆ.ಆರ್. ಪೇಟೆ ರಸ್ತೆ ಹಿಡಿದೆ. ಮಳೆ ನಿಂತು ರಸ್ತೆಯೆಲ್ಲ ಎಲೆ, ಮುರಿದ ಕೊಂಬೆ. ನನ್ನ ಕಣ್ಣು ರಸ್ತೆಗಿಂತ ಹೆಚ್ಚಾಗಿ ಅಂಗಡಿಗಳ ಒಳಗಿತ್ತು. ಚಿನಕುರಳಿಯ ಬೇಕರಿಯೊಂದರಲ್ಲಿ ಫ್ಯಾನು ತಿರುಗುತ್ತಿತ್ತು. ಅಂದರೆ ಇಲ್ಲಿಗೆ ಕರೆಂಟು ಬಂದಿದೆ. ಮುಂದೆ ಟೀ ಅಂಗಡಿಯೊಂದು ಕತ್ತಲಲ್ಲಿತ್ತು. ಸದ್ಯ, ಇಲ್ಲಿಗಿನ್ನೂ ಬಂದಿಲ್ಲ. ಹುಟ್ಟಿದಾರಭ್ಯ ಕರೆಂಟು ಬರಲಿ ಎಂದು ಹಲುಬಿದವಳು ನಾನು. ಆವತ್ತು ಮಾತ್ರ ಲೈನ್‌ಮನ್ನುಗಳೆಲ್ಲ ಮದುವೆಗೆ ಹೋಗಿರಲಿ, ತಂತಿಗಳೆಲ್ಲ ಕೆಳಗೇ ಬಿದ್ದಿರಲಿ ಎಂದು ಬೇಡಿಕೊಳ್ಳುತ್ತಾ ಹೋದೆ.

ಒಂದು ಕಡೆ ನಿಲ್ಲಿಸಿ ಬ್ಯಾಟರಿ ಭಾಯಿಗೆ ಫೋನು ಮಾಡಿದೆ. ನನಗೆ ಏನು ಮಾಡಬೇಕೆಂದು ಗೊತ್ತಿತ್ತು, ಆದರೂ ಇನ್ನೊಬ್ಬರ ಬಾಯಲ್ಲಿ ಕೇಳಬೇಕಿತ್ತು.

"ಉಬ್ಬೈತಾ? ಹಂಗಾದ್ರೆ ಬಿಚ್ಚಕ್ಕೆ ಹೋಗ್ಲೇಬೇಡಿ ಬೆಹನ್" ಎಂದರು ಭಾಯಿ. "ಮುಚ್ಚಳ ಎಬ್ಬೋವಾಗ ಸ್ಕ್ರೂಡ್ರೈವರ್ ತುದಿ ತಾಗಿದ್ರೂ ಖತಮ್. ಕರೆಂಟ್ ಕಿತ್ತ ಮೇಲೂ ನಂಬ್ಬೇಡಿ, ಎಷ್ಟೋ ಹೊತ್ತಾದ್ಮೇಲೆ ಹತ್ಕೊಳ್ತದೆ. ಬಯಲಿಗೆ ತಂದಾಕಿ ದೂರ ಕೂತ್ಕೊಳಿ. ರೇಡಿಯೋ ಹೋದ್ರೆ ಹೋಗ್ಲಿ, ಜಾನ್ ಇದ್ರೆ ಇನ್ನೊಂದು ಬತ್ತದೆ."

ಹಳ್ಳಿ ತಲುಪಿದಾಗ ಬೀದಿಯ ಮನೆಗಳಿಗೆಲ್ಲ ಬೀಗ. ಎದುರು ಮನೆಯ ಜಗಲಿಯ ಮೇಲೆ ಅಜ್ಜಿ ಕೂತಿದ್ದರು. ಬಡಕಲು ಮೈ, ಕೈಯಲ್ಲೊಂದು ಉದ್ದನೆಯ ಟಾರ್ಚು.

"ಬ್ಯಾಟ್ರಿ ಆಚೆ ತಂದಿವ್ನಿ ಕಣವ್ವ" ಎಂದರು. ಫೋನಿನಲ್ಲಿ ನಾನು ಬ್ಯಾಟರಿ ಬ್ಯಾಟರಿ ಎಂದು ಕಿರುಚಿದ್ದಕ್ಕೆ, ಅದರ ಅವಶ್ಯಕತೆ ಇರಬಹುದೆಂದು ತಂದಿದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ಆ ಟಾರ್ಚು ನನಗೆ ಬೇಕಾಯಿತು.

ಮೊದಲು ಬಾಗಿಲ ಪಕ್ಕದ ಮೀಟರಿನ ಹತ್ತಿರ ಮೇನ್ ಸ್ವಿಚ್ಚು ಇಳಿಸಿದೆ. ಒಳಗೆ ಅಟ್ಟದ ಕೋಣೆ ಕತ್ತಲು. ಹೊಸಿಲಲ್ಲೇ ಒಂದು ವಾಸನೆ ಮೂಗಿಗೆ ಬಡಿಯಿತು, ಕೊಳೆಯಲು ಶುರುವಾದ ಹಣ್ಣಿನ ಹಾಗೆ ಸಿಹಿ ಸಿಹಿ. ಈ ಕೆಲಸ ಮಾಡುವವರು ಆ ವಾಸನೆಯನ್ನು ಮರೆಯುವುದಿಲ್ಲ. ಪ್ಯಾಕಿನ ಹೊದಿಕೆ ಎಲ್ಲೋ ಬಿರುಕು ಬಿಟ್ಟಿದೆ ಎಂದರ್ಥ. ಟಾರ್ಚಿನ ಬೆಳಕು ಬಿಟ್ಟು ನೋಡಿದೆ. ಡಬ್ಬ ಒಂದು ಮರದ ಪೆಟ್ಟಿಗೆಯ ಮೇಲೆ ಕೂತಿತ್ತು, ಮಳೆಹನಿ ತಾಗದಿರಲೆಂದು ಅಜ್ಜಿ ಅದಕ್ಕೆ ಗೋಣಿಚೀಲ ಹೊದಿಸಿದ್ದರು. ಮೇಲೆ, ಅಟ್ಟದ ಹಲಗೆಗಳ ಸಂದಿಯಲ್ಲಿ ಕಾಯಿಯ ನಾರು ಇಣುಕುತ್ತಿತ್ತು.

ಗೋಡೆಯ ಪ್ಲಗ್ಗು ಕಿತ್ತೆ. ಪಕ್ಕದ ತೂತಿನ ಪಿನ್ನನ್ನು ವೈರು ಹಿಡಿದು ಎಳೆದೆ. ಎರಡು ಬೆರಳಲ್ಲಿ ಗೋಣಿ ಸರಿಸಿದೆ. ಹಿಂದಿನ ಮುಚ್ಚಳ ಒಂದು ಬೆರಳು ಎದ್ದಿತ್ತು, ಅದರೊಳಗಿಂದ ಪ್ಯಾಕು ಎಣ್ಣೆಯಲ್ಲಿ ಬಿಟ್ಟ ಪೂರಿಯ ಹಾಗೆ ಬುರುಬುರು ಉಬ್ಬಿತ್ತು. ಮುಚ್ಚಳ ಎಬ್ಬಿ, ಕನೆಕ್ಟರು ಕಳಚಿ, ಪ್ಯಾಕನ್ನು ಮಾತ್ರ ತೆಗೆದರೆ ಡಬ್ಬ ಉಳಿಯುತ್ತದೆ. ಕೈ ಅಭ್ಯಾಸಬಲದಿಂದ ಚೀಲದಲ್ಲಿದ್ದ ಸ್ಕ್ರೂಡ್ರೈವರಿನ ಕಡೆ ಹೋಯಿತು. ಮೇಷ್ಟ್ರ ಬೆರಳುಗಳ ನೆನಪಾಯಿತು. ಆದರೂ ಕೈ ಹಿಂದಕ್ಕೆ ತೆಗೆದುಕೊಂಡೆ. ನನಗೆ ಹೆದರಿಕೆಯಾಗಿತ್ತು, ಅದನ್ನು ಬೇರೆ ಹೆಸರಿನಿಂದ ಕರೆಯುವುದಕ್ಕೆ ಹೋಗುವುದಿಲ್ಲ.

ಕೈಯಲ್ಲಿ ಎತ್ತಿಕೊಂಡು ಹೋಗುವ ಧೈರ್ಯವೂ ಇರಲಿಲ್ಲ. ಮೂಲೆಯಲ್ಲಿ ಕಾಯಿ ಕೀಳುವ ದೋಟಿ ಒರಗಿಸಿತ್ತು, ಉದ್ದನೆಯ ಬಿದಿರು, ತುದಿಗೆ ಕೊಕ್ಕೆ. ಕೊಕ್ಕೆಯನ್ನು ಡಬ್ಬದ ಹಿಡಿಕೆಗೆ ಸಿಕ್ಕಿಸಿ, ಬಿದಿರನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎತ್ತಿದೆ. ಡಬ್ಬ ತೂಗಾಡಿತು. ನಡುಮನೆಯಲ್ಲಿ ಕಂಬಕ್ಕೆ ತಾಗಿಸದೆ ದಾಟಿಸಬೇಕು. ಬಾಗಿಲಲ್ಲಿ ದೋಟಿ ತಗ್ಗಿಸಬೇಕು, ಆದರೆ ಡಬ್ಬ ಹೊಸಿಲಿಗೆ ಬಡಿಯಬಾರದು. ಜಗಲಿ ಇಳಿಯುತ್ತಿದ್ದಾಗ ಬೀಗ ಹಾಕಿದ ಪಕ್ಕದ ಮನೆಯೊಳಗೆ ಟೀವಿ ತಾನಾಗಿ ಮಾತಾಡತೊಡಗಿತು. ಕರೆಂಟು ಬಂದಿತ್ತು.

ಮನೆಯ ಮುಂದಿನ ಬಯಲಿನಲ್ಲಿ ಒಂದು ಕಬ್ಬಿಣದ ಬಾಂಡ್ಲಿ ಇತ್ತು. ಡಬ್ಬವನ್ನು ಅದರೊಳಗೆ ಇಳಿಸಿ ಹಿಂದೆ ಸರಿದೆ. ಹಂಡೆ ಒಲೆಯ ಆರಿದ ಬೂದಿಯನ್ನು ಮಂಕರಿ ತುಂಬ ತಂದು ಸುತ್ತ ಸುರಿದೆ. ಆಮೇಲೆ ಎದುರು ಜಗಲಿಗೆ ಹೋಗಿ ಅಜ್ಜಿಯ ಪಕ್ಕ ಕೂತೆ.

ಮೇಷ್ಟ್ರು ಯಾರದೋ ಬೈಕಿನಲ್ಲಿ ಬಂದಿಳಿದರು. ಮದುವೆಯ ರೇಷ್ಮೆ ಶಲ್ಯ ಇನ್ನೂ ಹೆಗಲ ಮೇಲಿತ್ತು. ಮೊದಲು ತಾಯಿಯನ್ನು ನೋಡಿದರು, ಆಮೇಲೆ ಮನೆಯನ್ನು, ಆಮೇಲೆ ಬಾಂಡ್ಲಿಯನ್ನು. ಬೈಕಿನವನು ಕೆರೆ ಏರಿಯ ಕಡೆ ದನ ನೋಡಿ ಬರುತ್ತೇನೆಂದು ಹೊರಟುಹೋದ. ನಾವು ಮೂವರೂ ಕೂತು ಆ ಡಬ್ಬವನ್ನು ಕಾದೆವು.

ಏನೂ ಆಗಲಿಲ್ಲ. ಕೋಳಿಯೊಂದು ಬಂದು ಬೂದಿ ಕೆದಕಿ ಹೋಯಿತು. ಬಿಸಿಲು ಬಂತು. ಹೊತ್ತು ಹೋದ ಹಾಗೆ ನನಗೆ ಇನ್ನೊಂದು ಥರದ ಆತಂಕ ಶುರುವಾಯಿತು. ನಾನು ಸುಮ್ಮಸುಮ್ಮನೆ ಇವರನ್ನು ಮದುವೆಯಿಂದ ಎಬ್ಬಿಸಿಕೊಂಡು ಬಂದೆನೇ? ಈಗಲೂ ಪ್ಯಾಕು ತೆಗೆಯಬಹುದೇನೋ, ನನ್ನ ಪುಕ್ಕಲುತನಕ್ಕೆ ಅವರ ಡಬ್ಬ ಹೋಗುತ್ತಿದೆಯೇನೋ.

ಮೇಷ್ಟ್ರಿಗೂ ಹಾಗೇ ಅನ್ನಿಸಿರಬೇಕು. "ತಣ್ಣಗಾಗೈತೆ ಅನ್ಸುತ್ತೆ ಕಣಮ್ಮ" ಎಂದರು.

"ಹೇಳಕ್ಕಾಗಲ್ಲ ಮೇಷ್ಟ್ರೇ."

"ನೀವು ಬ್ಯಾಡ. ನಾನೇ ಬಿಚ್ತೀನಿ. ಮೇಲಿನ ಎರಡು ಸ್ಕ್ರೂ ಅಷ್ಟೇ ಅಲ್ವಾ? ಸ್ಕ್ರೂಡ್ರೈವರ್ ಕೊಡಿ."

"ಕೊಡಲ್ಲ."

"ನಂದು ಅದು" ಎಂದರು, ಸಿಟ್ಟಿನಿಂದಲ್ಲ, ಬೇಡುವ ಹಾಗೆ. "ಅದು ಹೋದ್ರೆ ನಾನು ಹಾರ್ಸೋದೂ ಹೋದಂಗೇ. ಈ ವಯಸ್ಸಲ್ಲಿ ಇನ್ನೊಂದಕ್ಕೆ ಕೈ ಕೂರಕ್ಕಿಲ್ಲ."

ಸ್ಕ್ರೂಡ್ರೈವರ್ ಇದ್ದ ಚೀಲವನ್ನು ತೊಡೆಯ ಮೇಲೆ ಒತ್ತಿ ಹಿಡಿದೆ. ಅವರು ಶಲ್ಯ ತೆಗೆದು ಜಗಲಿಯ ಮೇಲಿಟ್ಟರು, ಉಗುರಿನಲ್ಲೇ ಮುಚ್ಚಳ ಎಬ್ಬಿದರಾಯಿತು ಎನ್ನುವಂತೆ ಎದ್ದರು. ಆಗ ಅಜ್ಜಿ ಕೂತಲ್ಲಿಂದಲೇ ಮಗನ ಮುಂಗೈ ಹಿಡಿದರು.

"ಕೂತ್ಕೊಳ್ಲಾ."

"ಅವ್ವಾ, ಅದು ಹಾವಲ್ಲ. ಬ್ಯಾಟ್ರಿ. ನಿಂಗ್ ಗೊತ್ತಾಗಕ್ಕಿಲ್ಲ, ಬುಡು."

"ನಂಗೇನೂ ಗೊತ್ತಾಗಕ್ಕಿಲ್ಲ ಕಣ್ಲಾ. ಈ ಹುಡ್ಗಿ ಮಕ ನೋಡು. ಅವಾಗಿಂದ ಹೆಂಗ್ ಬೆವರ್ತಾವ್ಳೆ ನೋಡು. ಕೂತ್ಕೊ."

ಅರವತ್ತು ದಾಟಿದ ಮೇಷ್ಟ್ರು ನನ್ನ ಮುಖ ನೋಡಿದರು. ತಾಯಿಯ ಕೈ ಬಿಡಿಸಿಕೊಳ್ಳಲು ಅವರಿಗೆ ಕಷ್ಟವೇನಿರಲಿಲ್ಲ, ಆ ಮುದಿ ಕೈಯಲ್ಲಿ ಎಷ್ಟು ಬಲವಿದ್ದೀತು. ಆದರೂ ಕೂತರು.

ಅವರು ಶಲ್ಯವನ್ನು ಮತ್ತೆ ಹೆಗಲಿಗೆ ಹಾಕಿಕೊಂಡಿರಲಿಲ್ಲ, ಅಷ್ಟರಲ್ಲಿ ಬಾಂಡ್ಲಿಯಿಂದ ಬುಸ್ಸೆಂದು ಸದ್ದು ಬಂತು. ಮುಚ್ಚಳ ಹಾರಿ ಬೂದಿಯಲ್ಲಿ ಬಿತ್ತು. ಬಿಳಿ ಹೊಗೆ ದಟ್ಟವಾಗಿ ಎದ್ದು, ಅದರ ಹಿಂದೆಯೇ ಆಳೆತ್ತರದ ಬೆಂಕಿ ಚಿಮ್ಮಿತು. ಒಂದು ಸೆಲ್ಲು ಹೊತ್ತಿ, ತಡೆದು ಎರಡನೆಯದು, ಮತ್ತೆ ತಡೆದು ಮೂರನೆಯದು. ಆಮೇಲೆ ಪ್ಲಾಸ್ಟಿಕ್ಕು ಕಪ್ಪಗೆ ಉರಿಯಿತು. ಗಾಳಿ ನಮ್ಮ ಕಡೆ ತಿರುಗಿದಾಗ ಅಜ್ಜಿಯನ್ನು ಎಬ್ಬಿಸಿಕೊಂಡು ಬೀದಿಯ ಕೊನೆಗೆ ಹೋದೆವು. ಮುಚ್ಚಳ ಎಬ್ಬಲು ಬಾಗಿದ್ದರೆ ಮೇಷ್ಟ್ರ ಮುಖ ಸರಿಯಾಗಿ ಅದರ ಮೇಲಿರುತ್ತಿತ್ತು. ಅಜ್ಜಿ ಮಗನ ಮುಂಗೈ ಇನ್ನೂ ಬಿಟ್ಟಿರಲಿಲ್ಲ.

ಉರಿ ಆರಿದ ಮೇಲೆ ಮಿಕ್ಕಿದ್ದರ ಮೇಲೆ ಮಣ್ಣು ಸುರಿದೆ. ನಾಳೆಯವರೆಗೂ ಯಾರೂ ಮುಟ್ಟಬಾರದೆಂದು ಹೇಳಿದೆ. ಎರಡು ಕಡ್ಡಿಗಳಲ್ಲಿ ಒಂದು ಮಾತ್ರ ಮಣ್ಣಿನಿಂದ ಹೊರಗೆ ಕಾಣುತ್ತಿತ್ತು. ಮೇಷ್ಟ್ರು ಬಹಳ ಹೊತ್ತು ಅದನ್ನೇ ನೋಡಿದರು. ನನಗೆ ಅಳು ಬಂತು, ಅವರ ಎದುರಿಗೇ ಅತ್ತೆ.

ಈಗ ನಾನು ಯಾರಿಗೂ ಬಾಯಿಮಾತಿನಲ್ಲಿ ಹೇಳಿ ಕಳಿಸುವುದಿಲ್ಲ. ಯಾರು ಬೇಡವೆಂದರೂ ಪಕ್ಕದ ತೂತಿನ ವೈರು ಕತ್ತರಿಸುತ್ತೇನೆ. ಗಿರಾಕಿಯನ್ನು ಮೇಜಿನ ಮುಂದೆ ಕೂರಿಸಿ, ಅವರ ಕೈಯಲ್ಲೇ ಪ್ಯಾಕು ತೆಗೆಸಿ, ಹಂಚಿನ ಮೇಲೆ ಇಡಿಸಿ, ಚಾರ್ಜರಿಗೆ ಸಿಕ್ಕಿಸಿ ನೋಡುತ್ತೇನೆ. ಆಚೆ ಎಂಬ ಮಾತನ್ನೇ ಬಿಟ್ಟಿದ್ದೇನೆ.

ಮಳೆಗಾಲ ಮುಗಿದ ಮೇಲೆ ಮೇಷ್ಟ್ರು ಒಂದು ಹೊಸ ಟ್ರಾನ್ಸ್‌ಮಿಟರು ಹಿಡಿದು ಬಂದರು. ಬೆರಳುಗಳು ಇನ್ನೂ ಅ ಆ ಇ ಈಯಲ್ಲೇ ಇವೆ, ಎರಡು ವಿಮಾನ ಮುರಿದಾಯಿತು ಎಂದರು. ನಾನು ಕೇಳುವ ಮೊದಲೇ ಕೂತು, ಪ್ಯಾಕನ್ನು ಕಳಚಿ, ಹಂಚಿನ ಮೇಲಿಟ್ಟು, ಚಾರ್ಜರಿಗೆ ಸಿಕ್ಕಿಸಿದರು. ಸ್ವಿಚ್ಚು ಮಾತ್ರ ಹಾಕಲಿಲ್ಲ. ನನ್ನ ಕಡೆ ತಿರುಗಿ ನೋಡಿದರು.

"ಯಾಕೆ ಮೇಷ್ಟ್ರೇ?"

"ಅವ್ವ ಏಳ್ಕಳ್ಸವ್ಳೆ. ಆ ಹುಡ್ಗಿ ಮಕ ನೋಡ್ಕೊಂಡು ಆಮೇಲೆ ಕರೆಂಟ್ ಆಕು ಅಂತ."

ಮುಂದಿನ ಅರ್ಧದಿಂದ ನನ್ನ ಗಂಡ ಜೋರಾಗಿ ನಕ್ಕ. ನಾನೂ ನಕ್ಕೆ. ಆ ಸಂಜೆ ಅಂಗಡಿಗೆ ಬೀಗ ಹಾಕಿದ ಮೇಲೆ ಅವನು ಬೈಕಿನ ಕಡೆ ಹೋಗಲಿಲ್ಲ. ಕೀಲಿಕೈಯನ್ನು ಬೀಗದಲ್ಲೇ ಬಿಟ್ಟು ನನ್ನ ಮುಖ ನೋಡುತ್ತಾ ನಿಂತ.